ಗೆಜ್ಜೆಚೆಂಡು

ಸೀಟಮ್ಮನಿಗೆ ಸಿಟ್ಟು ಬಂದಿದೆ ಎನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವಳ ಹೊಲಿಗೆ ಯಂತ್ರಕ್ಕೆ. ಉಳಿದ ದಿನಗಳಲ್ಲಿ ತಗಡಿನ ಮೇಲೆ ಬೀಳುವ ತುಂತುರಿನ ಹಾಗೆ ಟಕಟಕ ಎನ್ನುತ್ತಿದ್ದ ಸೂಜಿ, ಅಂಥ ದಿನ ರೆಕ್ಸಿನನ್ನು ಗುದ್ದುತ್ತಿತ್ತು. ಶೆಡ್ಡಿನ ಬಾಗಿಲ ತನಕ ಬಂದ ಗಿರಾಕಿಗಳು ಆ ಸದ್ದು ಕೇಳಿ, "ಇವತ್ತು ಬೇಡ, ನಾಳೆ ಬರೋಣ" ಎಂದು ವ್ಯಾನು ತಿರುಗಿಸಿಕೊಂಡು ಹೋದದ್ದುಂಟು.

ಬಸ್ಸು, ವ್ಯಾನು, ಲಾರಿಗಳ ಸೀಟಿಗೆ ಕವರು ಹೊಲಿಯುವುದು ಅವಳ ಕೆಲಸ. ಅಪ್ಪನಿಂದ ಕಲಿತದ್ದು. ಅಪ್ಪ ಬಿಟ್ಟುಹೋದದ್ದು ಆ ಶೆಡ್ಡು, ಶೆಡ್ಡಿನ ಹಿಂದಿನ ಎರಡು ಕೋಣೆ, ಮಂಡಿಯೆತ್ತರದ ಕತ್ತರಿಸುವ ಮೇಜು ಮತ್ತು ಯಾರ ಮಾತನ್ನೂ ಹೊಟ್ಟೆಗೆ ಹಾಕಿಕೊಳ್ಳದ ಸ್ವಭಾವ. ಅವಳ ನಿಜವಾದ ಹೆಸರು ಎಂದೋ ಸವೆದುಹೋಗಿ ಸೀಟಮ್ಮ ಎಂಬುದಷ್ಟೇ ಉಳಿದಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಅಳತೆಗೆ ಸರಿಯಾದ್ದು ಬರ್ಲಿಲ್ಲ" ಎಂದು ಹೇಳಿ, ಹಲ್ಲಿನ ನಡುವಿದ್ದ ದಾರವನ್ನು ಕಚ್ಚಿ ತುಂಡು ಮಾಡುತ್ತಿದ್ದಳು. ಅದಾದ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಹಿರಿಯ ಮಗಳು ಮನೆಗೆ ಬಂದದ್ದೂ ಸೀಟಿನ ದೆಸೆಯಿಂದಲೇ. ಅನಾಥ ಮಕ್ಕಳ ನಿಲಯದ ಹಳೆಯ ವ್ಯಾನಿನ ಸೀಟುಗಳೆಲ್ಲ ಹರಿದು ಸ್ಪಂಜು ಹೊರಬಿದ್ದಿತ್ತು. ಯಂತ್ರವನ್ನು ಅಲ್ಲಿಗೇ ಸಾಗಿಸಿ, ಸೀಟಮ್ಮ ನಿಲಯದ ವರಾಂಡದಲ್ಲಿ ಕೂತು ಹೊಲಿಯುತ್ತಿದ್ದಳು. ನಾಲ್ಕು ವರ್ಷದ ಹುಡುಗಿಯೊಬ್ಬಳು ಗೋಡೆ ಸವರಿಕೊಂಡು ಬಂದು ಯಂತ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಹುಟ್ಟಿದಾಗಿನಿಂದ ಕಣ್ಣು ಕಾಣದ ಮಗು. ಹೊಲಿದು ಪಕ್ಕಕ್ಕಿಟ್ಟ ಕವರಿನ ಅಂಚಿನುದ್ದಕ್ಕೂ ಬೆರಳು ಓಡಿಸುತ್ತ ಹೋಯಿತು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಹಲ್ಲು ಬಿದ್ದಿದೆ."

ಸೀಟಮ್ಮ ಬಗ್ಗಿ ನೋಡಿದಳು. ಸೂಜಿ ಒಂದು ಹೊಲಿಗೆ ಹಾರಿತ್ತು.

"ನಿಂಗೆಷ್ಟು ಬಿದ್ದಿದೆ?"

"ಒಂದೂ ಬಿದ್ದಿಲ್ಲ. ಬೇಕಾದ್ರೆ ಮುಟ್ಟಿ ನೋಡು" ಎಂದು ಮಗು ಬಾಯಿ ಅಗಲಿಸಿತು.

ಅಂದು ಸಂಜೆ ಯಂತ್ರವನ್ನು ವಾಪಸು ಸಾಗಿಸುವಾಗ ಅವಳು ಏನನ್ನೋ ಅಲ್ಲಿಯೇ ಮರೆತು ಬಂದವಳಂತೆ ಎರಡು ಸಲ ಹಿಂದಿರುಗಿ ನೋಡಿದಳು. ಮಾರನೆಯ ವಾರ ನಿಲಯದ ಅಧಿಕಾರಿಯ ಎದುರು ಕೂತಿದ್ದಳು. ಅಧಿಕಾರಿ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೇ ಅವಳ ಮೈ ಉರಿಸುತ್ತಿದ್ದದ್ದು ಹೆಚ್ಚು.

"ಸ್ವಲ್ಪ ಕಾದ್ರೆ ಕಣ್ಣು ಚೆನ್ನಾಗಿರೋ ಮಗುನೇ ಸಿಗುತ್ತಮ್ಮ" ಎಂದರು ಅವರು. "ಇಲ್ಲ, ಇದನ್ನೇ ಅಂತೀರಾದ್ರೆ ನಮ್ಮದೇನೂ ಅಡ್ಡಿಯಿಲ್ಲ. ಹೊಂದಾಣಿಕೆ ಆಗ್ದಿದ್ರೆ ಮುಜುಗರ ಮಾಡ್ಕೋಬೇಡಿ. ಬಂದು ಹೇಳಿ, ಏನಾದ್ರೂ ಮಾಡೋಣ."

"ವಾಪಸ್ ತಗೊಳ್ಳೋಕೆ ಇದೇನು ಸೀಟ್ ಕವರಾ ಸಾರ್?"

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

ಮಗು ಮನೆಗೆ ಬರುವ ಮುನ್ನ ಸೀಟಮ್ಮ ಎರಡೂ ಕೋಣೆಗಳ ಗೋಡೆಗೆ, ಮಗುವಿನ ಕೈ ಎಟುಕುವ ಎತ್ತರದಲ್ಲಿ, ಸೀಟಿನ ಅಂಚಿಗೆ ಹಾಕುವ ಉಬ್ಬು ಪೈಪಿಂಗನ್ನು ಅಂಟಿಸಿದ್ದಳು. ಹಾಸಿಗೆಯಿಂದ ಬಚ್ಚಲಿಗೆ ಒಂದು ಗೆರೆ, ಬಚ್ಚಲಿಂದ ಒಲೆಯ ಕಡೆಗೆ ಒಂದು, ಶೆಡ್ಡಿಗೆ ಒಂದು. ಒಲೆಗೆ ಹೋಗುವ ಗೆರೆಯ ಕೊನೆಯಲ್ಲಿ ಎರಡು ಗಂಟು: ಇಲ್ಲಿಗೆ ನಿಲ್ಲು ಎಂದರ್ಥ. ಹುಡುಗಿ ಒಂದೇ ದಿನದಲ್ಲಿ ಮನೆಯನ್ನು ಬಾಯಿಪಾಠ ಮಾಡಿಕೊಂಡಳು. ಗಂಟು ಬಂದರೂ ನಿಲ್ಲದೆ ಮುಂದೆ ಹೋಗಿ ಬೈಸಿಕೊಳ್ಳುವುದನ್ನೂ ಕಲಿತಳು.

ನಾಲ್ಕು ವರ್ಷ ಕಳೆದ ಮೇಲೆ ಅದೇ ನಿಲಯದಿಂದ ಇನ್ನೊಬ್ಬ ಬಂದ. ಎರಡು ಕಾಲಿಗೂ ಬಲವಿರಲಿಲ್ಲ. ಕಬ್ಬಿಣದ ಸರಳಿನ ಬೂಟು ಹಾಕಿಕೊಂಡು, ಬಗಲಿಗೆ ಕೋಲು ಕೊಟ್ಟರೆ ನಡೆಯುತ್ತಿದ್ದ. ಕಾಲಿಗಿಲ್ಲದ ಓಟವೆಲ್ಲ ನಾಲಿಗೆಗೆ ಬಂದಿತ್ತು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಿದ್ದ. ಅಕ್ಕನೇ ಅವನಿಗೆ ರೇಡಿಯೋ ಎಂದು ಹೆಸರಿಟ್ಟಳು.

ಎರಡನೆಯ ಸಲ ಕನ್ನಡಕದ ಅಧಿಕಾರಿ ಕೇಳಿದ್ದು ಒಂದೇ: "ಮತ್ತೆ ಇಂಥದ್ದೇನಾಮ್ಮ?"

'ಇಂಥದ್ದು' ಎಂಬ ಆ ಪದ ಸೀಟಮ್ಮನ ಎದೆಯಲ್ಲಿ ಮುರಿದ ಸೂಜಿಯ ತುದಿಯ ಹಾಗೆ ಸಿಕ್ಕಿಕೊಂಡಿತು.

ಅವಳ ಒಡಹುಟ್ಟಿದ ಅಕ್ಕ ಶೆಡ್ಡಿಗೇ ಬಂದು ತಲೆಯ ಮೇಲೆ ಕೈ ಹೊತ್ತು ಕೂತಳು. "ನಿನ್ನ ತಲೆ ಕೆಟ್ಟಿದೆ ಕಣೇ. ನಾಳೆ ಕೈಕಾಲು ಬಿದ್ದೋದ್ರೆ ನಿನ್ನ ನೋಡ್ಕೊಳ್ಳೋರು ಯಾರು?"

"ನೋಡ್ಕೊಳ್ಳೋಕೆ ಅಂತ ಯಾರಾದ್ರೂ ಮಕ್ಕಳನ್ನ ತರ್ತಾರೇನಕ್ಕ? ಅದಕ್ಕೆ ನಾಯಿ ಸಾಕ್ತಾರೆ."

"ನಿನ್ನ ಬಾಯಿಗೆ ಹೆದರಿ ನಾಯಿನೂ ಬರಲ್ಲ ಬಿಡು" ಎಂದು ಅಕ್ಕ ಎದ್ದು ಹೋದಳು.

ಬೈಯುವವರನ್ನು ಸೀಟಮ್ಮ ಬೈದು ಮುಗಿಸುತ್ತಿದ್ದಳು. ಹೊಗಳುವವರನ್ನು ಏನು ಮಾಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮಕ್ಕಳ ಕೈ ಹಿಡಿದು ಬೀದಿಗಿಳಿದರೆ ಸಾಕು, ಯಾರಾದರೂ ಅಡ್ಡ ನಿಂತು, "ನಿಮ್ಮದು ತುಂಬ ದೊಡ್ಡ ಮನಸ್ಸು" ಎನ್ನುತ್ತಿದ್ದರು. "ಮನಸ್ಸು ದೊಡ್ಡದಿಲ್ಲ, ರಸ್ತೆ ಚಿಕ್ಕದಿದೆ, ದಾರಿ ಬಿಡಿ" ಎಂದು ಅವಳು ಮುಂದೆ ನಡೆಯುತ್ತಿದ್ದಳು. ಮಕ್ಕಳ ತಲೆ ಸವರಿ, ಅವರಿಗೆ ಕಿವಿಯೇ ಇಲ್ಲ ಎನ್ನುವಂತೆ, "ಅಯ್ಯೋ ಪಾಪ, ಎಷ್ಟು ಲಕ್ಷಣವಾಗಿದೆ ನೋಡಿ" ಎನ್ನುವವರೂ ಇದ್ದರು. ಆ ರಾತ್ರಿಯ ಅಡುಗೆಗೆ ಉಪ್ಪು ಹೆಚ್ಚಾಗುತ್ತಿತ್ತು.

ಶಾಲೆಯದು ಇನ್ನೊಂದು ಉರಿ. ಇಬ್ಬರನ್ನೂ ಸೇರಿಸಿಕೊಂಡಿದ್ದರು, ಅದಕ್ಕೊಂದು ಸಮಾರಂಭವೂ ಆಗಿತ್ತು. ಆದರೆ ಆಟದ ಪೀರಿಯಡ್ಡು ಬಂತೆಂದರೆ ದೊಡ್ಡವಳನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಹಾಡು ಹೇಳಿಸುತ್ತಿದ್ದರು. ರೇಡಿಯೋನನ್ನು ಮೈದಾನದ ಅಂಚಿನಲ್ಲಿ ಕೂರಿಸುತ್ತಿದ್ದರು. ಅವನು ಮನೆಯಲ್ಲಿ ಆಟದ ಸುದ್ದಿಯನ್ನೆಲ್ಲ ಬಣ್ಣ ಕಟ್ಟಿ ಹೇಳುತ್ತಿದ್ದುದರಿಂದ ಸೀಟಮ್ಮನಿಗೆ ಬಹಳ ದಿನ ಏನೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಶಾಲಾ ಬಸ್ಸಿನ ಸೀಟಿನ ಅಳತೆಗೆಂದು ಹೋದವಳು ನೋಡಿದಳು: ಮೈದಾನದ ತುಂಬ ಮಕ್ಕಳು ಓಡುತ್ತಿದ್ದಾರೆ, ಮರದ ಕೆಳಗೆ ಚಪ್ಪಲಿ, ಬೂಟುಗಳ ರಾಶಿ, ರಾಶಿಯ ನಡುವೆ ತನ್ನ ಮಗ. ಯಾವುದು ಯಾರ ಬೂಟು ಎಂದು ಅವನಿಗೆ ಕಂಠಪಾಠವಾಗಿತ್ತು. ಆಟ ಮುಗಿಸಿ ಬಂದವರಿಗೆ ಎತ್ತಿಕೊಡುತ್ತಿದ್ದ, ಒಬ್ಬೊಬ್ಬರಿಗೂ ಒಂದೊಂದು ತಮಾಷೆ ಹೇಳಿ.

ಅಳತೆಯ ಟೇಪು ಅವಳ ಕೈಯಲ್ಲೇ ಇತ್ತು. ಅದನ್ನು ಚಾಟಿಯ ಹಾಗೆ ಹಿಡಿದು ಡ್ರಿಲ್ ಮೇಷ್ಟ್ರ ಎದುರು ಹೋಗಿ ನಿಂತಳು.

"ನನ್ನ ಮಗ ಇಲ್ಲಿ ಚಪ್ಪಲಿ ಕಾಯೋಕೆ ಬರ್ತಾನಾ ಮೇಷ್ಟ್ರೇ?"

"ಹಾಗಲ್ಲಮ್ಮ. ಅವನಿಗೂ ಒಂದು ಜವಾಬ್ದಾರಿ ಅಂತ..."

"ಜವಾಬ್ದಾರಿ! ಹಾಗಾದ್ರೆ ಬನ್ನಿ, ನೀವು ಚಪ್ಪಲಿ ಕಾಯಿರಿ, ಅವನು ವಿಸಿಲ್ ಊದ್ತಾನೆ. ಅದಕ್ಕೆ ಕಾಲು ಬೇಡ ತಾನೆ?"

ಮೈದಾನಕ್ಕೆ ಮೈದಾನವೇ ತಿರುಗಿ ನಿಂತಿತು. ಮೇಷ್ಟ್ರ ಮುಖ ಕಪ್ಪಿಟ್ಟಿತು. ರೇಡಿಯೋ ಮಾತ್ರ ತಲೆ ತಗ್ಗಿಸಿ ಯಾರದೋ ಬೂಟಿನ ಲೇಸು ಬಿಚ್ಚಿ ಕಟ್ಟುತ್ತಿದ್ದ. ಆ ಸಂಜೆ ಮನೆಯಲ್ಲಿ ಮೊಟ್ಟಮೊದಲ ಸಲ ಅವನ ಮಾತು ನಿಂತಿತು. ಮಲಗುವ ಹೊತ್ತಿಗೆ ಒಂದೇ ಒಂದು ಮಾತು ಆಡಿದ. "ನೀನು ಬೈದಿದ್ದು ಅವರಿಗೆ. ನಾಳೆ ಅಲ್ಲಿ ಕೂರೋನು ನಾನು."



ಮೂರು ದಿನ ಕಳೆದು ಡ್ರಿಲ್ ಮೇಷ್ಟ್ರು ಶೆಡ್ಡಿನ ಬಾಗಿಲಿಗೆ ಬಂದರು. ಯಂತ್ರ ಗುದ್ದುತ್ತಲೇ ಇತ್ತು. ಅದು ನಿಲ್ಲುವ ತನಕ ನಿಂತುಕೊಂಡೇ ಇದ್ದರು. ಆಮೇಲೆ, ಕ್ಷಮೆ ಗಿಮೆ ಏನನ್ನೂ ಕೇಳದೆ, "ಒಂದು ಆಟ ಇದೆ" ಎಂದರು. ಉದ್ದನೆಯ ಕೋಣೆ. ಎರಡು ತುದಿಗೂ ಗೋಡೆಯಗಲದ ಗೋಲು. ಒಂದೊಂದು ಕಡೆಗೆ ಮೂವರು. ಎಲ್ಲರ ಕಣ್ಣಿಗೂ ಪಟ್ಟಿ: ಕಣ್ಣಿದ್ದವನಿಗೂ, ಇಲ್ಲದವನಿಗೂ. ಚೆಂಡಿನ ಹೊಟ್ಟೆಯಲ್ಲಿ ಗೆಜ್ಜೆ. ನೆಲದ ಮೇಲೆ ಉರುಳಿಸಿ ಎಸೆಯಬೇಕು, ಆಚೆಯವರು ಸದ್ದಿನ ಜಾಡು ಹಿಡಿದು ಮೈ ಚೆಲ್ಲಿ ತಡೆಯಬೇಕು. ತಡೆಯುವವರೆಲ್ಲ ನೆಲದ ಮೇಲೇ ಇರುವುದರಿಂದ ಕಾಲಿನ ಲೆಕ್ಕ ಯಾರೂ ಕೇಳುವುದಿಲ್ಲ.

"ನೋಡೋರು ಉಸಿರೆತ್ತೋ ಹಾಗಿಲ್ಲ" ಎಂದರು ಮೇಷ್ಟ್ರು. "ಚೆಂಡು ಓಡ್ತಿರುವಾಗ ಒಂದು ಸದ್ದೂ ಬರಬಾರದು. ಅದೇ ಈ ಆಟದ ನಿಯಮ."

"ಪಾಪ ಅನ್ನೋ ಹಾಗೂ ಇಲ್ವಾ?"

"ಏನೂ ಅನ್ನೋ ಹಾಗಿಲ್ಲ."

ಸೀಟಮ್ಮ ಯಂತ್ರದಿಂದ ಎದ್ದಳು. "ಚೆಂಡು ಎಷ್ಟು ದಪ್ಪ ಇರಬೇಕು?"

ಬೆಕ್ಕಿನ ಕೊರಳಿಗೆ ಕಟ್ಟುವಂಥ ಸಣ್ಣ ಗೆಜ್ಜೆಗಳನ್ನು ತಂದು, ದಪ್ಪ ರಬ್ಬರಿನ ಚೆಂಡನ್ನು ಸೀಳಿ ಒಳಗೆ ತುಂಬಿ, ಮೇಲೆ ಲಾರಿ ಸೀಟಿನ ರೆಕ್ಸಿನು ಹೊದಿಸಿ ಹೊಲಿದಳು. ಮೊದಲನೆಯದು ಸೌತೆಕಾಯಿಯಂತಾಯಿತು. ಎರಡನೆಯದು ಉರುಳಿತು, ಆದರೆ ಮೂಗನಂತೆ. ಮೂರನೆಯದಕ್ಕೆ ದೊಡ್ಡವಳು ಕಿವಿಯಾನಿಸಿ, "ಹ್ಞೂಂ, ಇದಕ್ಕೆ ಬಾಯಿ ಬಂದಿದೆ" ಎಂದಳು. ಶೆಡ್ಡಿನ ಮೇಜುಗಳನ್ನು ಗೋಡೆಗೆ ಒತ್ತಿ, ಸಿಮೆಂಟು ನೆಲದ ಮೇಲೆ ಪೈಪಿಂಗನ್ನೇ ಅಂಟಿಸಿ ಗೆರೆ ಹಾಕಿದರು. ಆಡುವವರು ಕೈಯಿಂದ ಸವರಿ ತಾವೆಲ್ಲಿದ್ದೇವೆ ಎಂದು ತಿಳಿಯಬೇಕಲ್ಲ. ಮೂರನೆಯ ಆಟಗಾರ್ತಿಯಾಗಿ ಎದುರಿನ ಬೇಕರಿಯವನ ಮಗಳು ಬಂದಳು. ಕಣ್ಣು, ಕಾಲು ಎಲ್ಲ ನೆಟ್ಟಗಿದ್ದವಳು. ಮೊದಲ ದಿನ ಕಣ್ಣುಪಟ್ಟಿ ಕಟ್ಟಿದ ಕೂಡಲೇ ಗೋಡೆಗೆ ಮುಖ ಮಾಡಿ ಕೂತು ಚೆಂಡಿಗಾಗಿ ಕಾದಳು.

"ಏಯ್ ಬನ್ನು, ಆ ಕಡೆ ಗೋಡೆ ನಿಂಗೇನು ಚೆಂಡು ಎಸೆಯುತ್ತಾ?" ಎಂದು ರೇಡಿಯೋ ಹೊಟ್ಟೆ ಹಿಡಿದು ನಕ್ಕ. ಅಂದಿನಿಂದ ಅವಳು ಬನ್ನು.

ಶೆಡ್ಡಿನಲ್ಲಿ ಸಂಜೆಗಳು ಬದಲಾದವು. ಮೈಕೈ ತರಚಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಜಗಳವಾಡಿ, ದೊಡ್ಡವಳು ತಂಡದ ನಾಯಕಿಯಾದಳು. ನಾಯಕಿಯಾಗಲು ಯಾರೂ ಕೇಳಿಕೊಳ್ಳಲಿಲ್ಲ; ಅವಳ ಬೈಗುಳ ಎಲ್ಲರಿಗಿಂತ ಖಾರವಾಗಿತ್ತು, ಅಷ್ಟೇ. "ಬಾಯಿ ಮುಚ್ಕೊಂಡು ಕಿವಿ ತೆರೆಯೋ" ಎಂದು ತಮ್ಮನನ್ನು ಗದರಿದಾಗ ರೇಡಿಯೋ ನಿಜವಾಗಿಯೂ ಬಾಯಿ ಮುಚ್ಚುತ್ತಿದ್ದ. ಸೀಟಮ್ಮ ಮೇಜಿನ ಮೇಲೆ ಕೂತು ನೋಡುತ್ತಿದ್ದಳು. ಗೆಜ್ಜೆ ಬರುವ ಕಡೆಗೆ ಮಗಳ ಮೈ ಒಂದು ಕ್ಷಣ ಮೊದಲೇ ವಾಲುವುದು, ಗಾಳಿಗೆ ಹುಲ್ಲು ವಾಲಿದ ಹಾಗೆ.

ಆ ವರ್ಷ ಕ್ರೀಡಾ ಸಂಘದವರು ಈ ಆಟದ ಲೀಗು ಶುರುಮಾಡಿದರು. ಯಾರು ಬೇಕಾದರೂ ತಂಡ ಕಟ್ಟಬಹುದು, ಕಣ್ಣುಪಟ್ಟಿ ಎಲ್ಲರಿಗೂ. ಮೇಷ್ಟ್ರು 'ಶೆಡ್ಡಿನವರು' ಎಂದು ತಂಡದ ಹೆಸರು ಕೊಟ್ಟುಬಂದರು. ಒಂದು ವಾರಕ್ಕೆ ಸಂಘದ ಕಾರ್ಯದರ್ಶಿಯೇ ಶೆಡ್ಡಿಗೆ ಬಂದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ, ನಗು ಬಿಟ್ಟು ಬೇರೆ ಕೆಲಸ ಕಲಿಯದ ಮುಖ.

"ನಿಮ್ಮ ಮಕ್ಕಳದು ಉದ್ಘಾಟನೆ ದಿನ ಪ್ರದರ್ಶನ ಪಂದ್ಯ ಅಂತ ಇಡೋಣ ಅಂದ್ಕೊಂಡಿದ್ದೀವಿ ತಾಯಿ. ಎಲ್ಲರೂ ನೋಡ್ತಾರೆ. ನಿಮಗೂ ಒಂದು ಗೌರವ ಫಲಕ. ಉಳಿದ ತಂಡಗಳ ಜೊತೆ ಲೀಗಲ್ಲಿ ಆಡಿಸೋದು ಬೇಡ."

"ಯಾಕೆ ಬೇಡ?"

"ಕಾಲೇಜು ಹುಡುಗರೆಲ್ಲ ಇರ್ತಾರೆ. ಸೋತ್ರೆ ಮಕ್ಕಳ ಮನಸ್ಸಿಗೆ ಎಷ್ಟು ನೋವು?"

ಸೀಟಮ್ಮ ಕತ್ತರಿ ಕೆಳಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದೊಡ್ಡವಳ ಮಾತು ಬಂತು.

"ನಮಗೂ ಸೋಲೋಕೆ ಬಿಡಿ ಸಾರ್."

ಕಾರ್ಯದರ್ಶಿಯ ನಗು ಸ್ವಲ್ಪ ಅಲುಗಾಡಿತು. ಮೇಷ್ಟ್ರು ನಡುವೆ ಬಂದು ಮಾತಾಡಿ, ಕೊನೆಗೊಂದು ಒಪ್ಪಂದವಾಯಿತು. ಮೊದಲ ಪಂದ್ಯ ಲೆಕ್ಕಕ್ಕೆ. ಅದು ಯಾವ ರಂಪವೂ ಇಲ್ಲದೆ ನಡೆದರೆ ಲೀಗಿನ ಉಳಿದ ಪಂದ್ಯಗಳಲ್ಲೂ ಇವರಿರುತ್ತಾರೆ. ಏನಾದರೂ ಹೆಚ್ಚುಕಮ್ಮಿಯಾದರೆ, ಆ ಪಂದ್ಯ ಪ್ರದರ್ಶನವಾಗಿತ್ತು ಎಂದುಕೊಳ್ಳುವುದು. ಹೋಗುವಾಗ ಕಾರ್ಯದರ್ಶಿ ದೊಡ್ಡವಳ ತಲೆ ಸವರಿದರು. ಅವಳು ಮಳೆಯಲ್ಲಿ ನೆನೆದ ಬೆಕ್ಕಿನಂತೆ ತಲೆ ಕೊಡವಿದಳು.

"ಅಮ್ಮಾ, ಆವತ್ತು ನೀನು ಏನೂ ಮಾತಾಡಬಾರ್ದು" ಎಂದಳು ಅವಳು, ಅವರು ಹೋದ ಮೇಲೆ. "ಗೊತ್ತಲ್ಲ, ಬೆಂಚಿನ ಮೇಲಿಂದ ಸದ್ದು ಬಂದ್ರೆ ತಂಡಕ್ಕೆ ಶಿಕ್ಷೆ. ಒಬ್ಬರೇ ಗೋಲು ಕಾಯಬೇಕು."

"ನಾನೇನು ಹುಚ್ಚಿಯೇನೇ?"

ರೇಡಿಯೋ ಕೆಮ್ಮಿದ.

ಪಂದ್ಯದ ದಿನ ಸಭಾಂಗಣ ತುಂಬಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಉದ್ದುದ್ದನೆಯ ಪಟ್ಟಿಯಾಗಿ ನೆಲಕ್ಕೆ ಬಿದ್ದಿತ್ತು. ಮೇಷ್ಟ್ರು ಮತ್ತು ಸೀಟಮ್ಮ ತಂಡದ ಬೆಂಚಿನ ಮೇಲೆ, ನೀರಿನ ಬಾಟಲಿಗಳ ಜೊತೆ. ಎದುರಾಳಿಗಳು ಕಾಲೇಜಿನ ಮೂವರು ಹುಡುಗರು. ಅವರ ನಾಯಕ ಎಷ್ಟು ಉದ್ದವಿದ್ದನೆಂದರೆ ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಅಂಪೈರ್ ಹೆಂಗಸು ಪ್ರೇಕ್ಷಕರಿಗೆ ನಿಯಮ ಹೇಳಿದರು: ಚೆಂಡು ಓಡುವಾಗ ಮಾತಿಲ್ಲ, ಚಪ್ಪಾಳೆಯಿಲ್ಲ, ಗೋಲಾದ ಮೇಲೆ ಬೇಕಾದಷ್ಟು ಕೂಗಿ. ಜನ ಹೂಂಗುಟ್ಟಿದರು.

ಏಣಿ ಮೊದಲ ಚೆಂಡನ್ನು ಎಸೆಯಲಿಲ್ಲ, ಮೆಲ್ಲಗೆ ಉರುಳಿಬಿಟ್ಟ. ಕೂಸಿಗೆ ಕೊಡುವ ಹಾಗೆ. ಅವನ ಮನಸ್ಸಿನಲ್ಲಿದ್ದದ್ದು ಒಳ್ಳೆಯದೇ ಇರಬೇಕು. ಆದರೆ ಮೆಲ್ಲಗೆ ಉರುಳಿದ ಚೆಂಡಿನಲ್ಲಿ ಗೆಜ್ಜೆ ನುಡಿಯುವುದಿಲ್ಲ. ಅಷ್ಟು ಸಾಲದೆಂದು ರೇಡಿಯೋ ಮೊಣಕೈ ಊರಿ ಮುಂದೆ ಸರಿದದ್ದಕ್ಕೇ ಜನ ಕರಗಿ ಚಪ್ಪಾಳೆ ತಟ್ಟಿದರು. "ಅಯ್ಯೋ ಪಾಪ, ಹೇಗೆ ತೆವಳ್ತಾನೆ ನೋಡು" ಎಂದು ಯಾರೋ ಅಂದದ್ದು ಬೆಂಚಿನ ತನಕ ಕೇಳಿಸಿತು. ಚೆಂಡು ಬೆಕ್ಕಿನಂತೆ ರೇಡಿಯೋನ ಪಕ್ಕದಿಂದ ನುಸುಳಿ ಗೋಲಿಗೆ ಹೋಯಿತು.

ಅಂಪೈರ್ ವಿಸಿಲ್ ಊದಿ ಪ್ರೇಕ್ಷಕರನ್ನು ಗದರಿದರು. ಜನ ಬಾಯಿಗೆ ಬೆರಳಿಟ್ಟುಕೊಂಡರು. ಎರಡು ನಿಮಿಷಕ್ಕೆ ಮತ್ತೆ ಮರೆತರು. ದೊಡ್ಡವಳು ಚೆಂಡು ಮುಟ್ಟಿದರೆ ಚಪ್ಪಾಳೆ. ಚೆಂಡು ಕೈ ಜಾರಿದರೂ ಚಪ್ಪಾಳೆ. ಅವಳು ಗೆರೆ ಹುಡುಕಿ ನೆಲ ಸವರಿದರೆ ಅದಕ್ಕೂ ಒಂದು. ಎದುರಿನ ಹುಡುಗರು ಹಾಗೆಯೇ ನೆಲ ಸವರಿದಾಗ ಒಬ್ಬರೂ ತಟ್ಟಲಿಲ್ಲ. ಬನ್ನು ಹಾರಿ ಬಿದ್ದು ಒಂದು ಒಳ್ಳೆಯ ಚೆಂಡು ತಡೆದಾಗಲೂ ತಟ್ಟಲಿಲ್ಲ, ಅವಳಿಗೆ ಕಣ್ಣಿತ್ತಲ್ಲ.

ಹತ್ತು ವರ್ಷದಿಂದ ಸೀಟಮ್ಮ ನುಂಗಿದ್ದೆಲ್ಲ ಈಗ ಮೇಲೆದ್ದು ಬಂದಿತ್ತು: ಅಧಿಕಾರಿಯ ಕನ್ನಡಕ, ಬೂಟುಗಳ ರಾಶಿ, ತಲೆ ಸವರಿದ ಅಷ್ಟೂ ಕೈಗಳು. ಇವರು ತಟ್ಟುತ್ತಿರುವುದು ಆಟಕ್ಕಲ್ಲ. ತಮ್ಮ ಮನಸ್ಸು ಎಷ್ಟು ಮೆದು ಎಂದು ತಮಗೆ ತಾವೇ ತಟ್ಟಿಕೊಳ್ಳುತ್ತಿದ್ದಾರೆ.

ವಿರಾಮದ ನಂತರ ದೊಡ್ಡವಳಿಗೆ ಒಂದು ಸಂದು ಸಿಕ್ಕಿತು. ಎರಡು ಹೆಜ್ಜೆ ಓಡಿ, ಇಡೀ ಮೈ ತಿರುಗಿಸಿ ಎಸೆದಳು. ಗೆಜ್ಜೆ ಒಮ್ಮೆ ಘಲ್ಲೆಂದಿತು. ಏಣಿ ಅಂಗೈ ಅಡ್ಡ ಕೊಟ್ಟ. ಚೆಂಡು ಆ ಕೈಯನ್ನು ಹಿಂದಕ್ಕೆ ತಳ್ಳಿ ಒಳಗೆ ಹೋಯಿತು. ಒಂದು ಒಂದು. ಅವನು ಕೈ ಕೊಡವುತ್ತ, "ಅಬ್ಬಾ" ಎಂದ. ರೇಡಿಯೋ ಕೂಗಿದ ಕೂಗಿಗೆ ಕಿಟಕಿಯ ಗಾಜು ನಡುಗಿತು.

ಆಟ ಮುಗಿಯಲು ಸ್ವಲ್ಪವೇ ಇತ್ತು. ಏಣಿಯ ತಂಡದವನೊಬ್ಬ ಮತ್ತೆ ಮೆಲ್ಲಗೆ ಉರುಳಿಸಿದ. ದೊಡ್ಡವಳು ತಲೆ ವಾಲಿಸಿ ಸದ್ದು ಹುಡುಕುತ್ತಿದ್ದಳು. ಅದೇ ಹೊತ್ತಿಗೆ ಮುಂದಿನ ಸಾಲಿನಿಂದ ಚಪ್ಪಾಳೆ ಎದ್ದಿತು. ಕಾರ್ಯದರ್ಶಿಯೇ ಶುರುಮಾಡಿದ್ದು, ಕಣ್ಣು ಒದ್ದೆ ಮಾಡಿಕೊಂಡು.

ಸೀಟಮ್ಮ ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ.

"ಬಾಯಿ ಮುಚ್ರೀ! ಕೈ ಮುಚ್ರೀ! ಪಾಪ ಅನ್ನೋರೆಲ್ಲ ಎದ್ದು ಆಚೆ ನಡೀರಿ!"

ಸಭಾಂಗಣ ಸ್ತಬ್ಧವಾಯಿತು. ಆ ಸ್ತಬ್ಧತೆಯಲ್ಲಿ ದೊಡ್ಡವಳು ಚೆಂಡನ್ನು ಬಿಟ್ಟು, ಅಮ್ಮನ ದನಿ ಬಂದ ಕಡೆಗೆ ಮುಖ ತಿರುಗಿಸಿ ಮಂಡಿಯ ಮೇಲೆ ಎದ್ದಿದ್ದಳು. ನಾಲ್ಕು ವರ್ಷದವಳಿದ್ದಾಗಿನಿಂದ ಆ ದನಿ ಎಲ್ಲಿಂದ ಬಂದರೂ ಅವಳು ತಿರುಗುತ್ತಿದ್ದದ್ದು ಹಾಗೆಯೇ.

ಚೆಂಡು ಗೋಲು ಮುಟ್ಟುವ ಮೊದಲೇ ವಿಸಿಲ್ ಕೇಳಿಸಿತು. ಅಂಪೈರ್ ಬೆಂಚಿನ ಕಡೆ ಬೆರಳು ತೋರಿಸಿದರು. ಬೆಂಚಿನಿಂದ ಸದ್ದು; ಶೆಡ್ಡಿನವರಿಗೆ ಶಿಕ್ಷೆಯ ಎಸೆತ. ಒಬ್ಬರೇ ಗೋಲು ಕಾಯಬೇಕು. ಕೂಗಿದವರು ಹೊರಗೆ.

ಸೀಟಮ್ಮ ಬಾಗಿಲಿಗೆ ನಡೆಯುವಾಗ ದೊಡ್ಡವಳು ಅವಳ ಕಡೆಗೆ ತಿರುಗಲಿಲ್ಲ. ರೇಡಿಯೋ ಮತ್ತು ಬನ್ನುವನ್ನು ಬದಿಗೆ ಸರಿಸಿ, ಗೆರೆ ಸವರಿ, ಗೋಡೆಯಗಲದ ಗೋಲಿನ ನಡುವೆ ಒಬ್ಬಳೇ ಕೂತಳು. ಆಮೇಲೆ ಎದುರು ಬದಿಗೆ ಹೇಳಿದಳು, ಮನೆಯಲ್ಲಿ ತಮ್ಮನಿಗೆ ಹೇಳುವ ದನಿಯಲ್ಲೇ:

"ಏಣಿಯವ್ರೇ, ಎಸೆಯೋದಾದ್ರೆ ನೆಟ್ಟಗೆ ಎಸೀರಿ. ಉರುಳಿಸಿಕೊಂಡು ಬರಬೇಡಿ, ನಾವೇನು ಗೋಲಿ ಆಡ್ತಿಲ್ಲ."

ಯಾರೂ ನಗಲಿಲ್ಲ. ಚಪ್ಪಾಳೆ ತಟ್ಟುವ ಕೈಗಳೆಲ್ಲ ಬೈಸಿಕೊಂಡು ಮಡಿಲಲ್ಲಿ ಬಿದ್ದಿದ್ದವು. ಬಾಗಿಲ ಆಚೆ ನಿಂತ ಸೀಟಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಏಣಿ ಎಸೆದ. ಈ ಸಲ ಇಡೀ ತೋಳಿನಿಂದ. ಆ ಮಧ್ಯಾಹ್ನದಲ್ಲಿ ಮೊದಲ ಬಾರಿಗೆ ಗೆಜ್ಜೆ ಅಷ್ಟು ಸ್ಪಷ್ಟವಾಗಿ, ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಕಡಿಯದೆ ನುಡಿಯಿತು. ದೊಡ್ಡವಳು ಎಡಕ್ಕೆ ಮೈ ಚೆಲ್ಲಿದಳು. ಚೆಂಡು ಅವಳ ಬೆರಳ ತುದಿಗೆ ತಾಗಿ, ಮೇಲೆದ್ದು, ಹೊರಳಿ ಒಳಗೆ ಹೋಯಿತು.

ಸೋತರು.

ಕಾರ್ಯದರ್ಶಿ ಎದ್ದು ಬಂದಾಗ ಅವರ ಕೈಯಲ್ಲಿ ಗೌರವ ಫಲಕವಿತ್ತು. ದನಿಯಲ್ಲಿ ಜೇನಿತ್ತು. "ಸೋಲು ಗೆಲುವು ದೊಡ್ಡದಲ್ಲ ಮಕ್ಕಳೇ, ನೀವು ನಮ್ಮೆಲ್ಲರ ಹೃದಯ ಗೆದ್ರಿ. ಇವತ್ತಿನದನ್ನ ಸೋಲು ಅಂತ ಹಾಕೋದೇ ಬೇಡ. ಪ್ರದರ್ಶನ ಪಂದ್ಯ ಅಂತ ಇಟ್ಕೊಳ್ಳೋಣ. ತಾಯಿಯವರ ಮನಸ್ಸೂ ಪಾಪ ಕದಡಿದೆ."

ಹೊಸ್ತಿಲ ಮೇಲೆ ನಿಂತಿದ್ದ ಸೀಟಮ್ಮನಿಗೆ ಶೆಡ್ಡಿನಲ್ಲಿ ಆದ ಮಾತು ನೆನಪಾಯಿತು. ರಂಪವಾದರೆ ಲೆಕ್ಕಕ್ಕಿಲ್ಲ ಎಂಬುದೇ ಒಪ್ಪಂದ. ರಂಪ ಮಾಡಿದ್ದು ತಾನು. ಮಕ್ಕಳ ಜಾಗವನ್ನು ತನ್ನ ಕೈಯಾರೆ ಕಿತ್ತು ಈ ಮನುಷ್ಯನ ಕೈಗೆ ಕೊಟ್ಟಾಗಿದೆ. ಈಗ ಬಾಯಿ ತೆರೆದರೆ ಅದು ಎರಡನೆಯ ರಂಪ. ಅವಳು ತೆರೆಯಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ.

"ಏನು ಸಾರ್ ಹಾಗಂದ್ರೆ?"

ಕೇಳಿದ್ದು ಏಣಿ. ಕಣ್ಣುಪಟ್ಟಿಯನ್ನು ಹಣೆಯ ಮೇಲೆ ಸರಿಸಿಕೊಂಡು, ಬೆವರಿಳಿಸುತ್ತ, ಮೂಗಿನ ಹೊಳ್ಳೆ ಅರಳಿಸಿಕೊಂಡು ನಿಂತಿದ್ದ.

"ಮಕ್ಕಳ ಮನಸ್ಸಿಗೆ..."

"ಮಕ್ಕಳ ಮನಸ್ಸು ಹಾಳಾಗ್ಲಿ! ನಮ್ಮ ಗೆಲುವು ಏನಾಯ್ತು? ನಾವು ಪ್ರದರ್ಶನಕ್ಕೆ ಗೆದ್ವಾ?" ಅವನು ಅಂಗೈ ಚಾಚಿದ. ಬೆರಳುಗಳು ಕೆಂಪಗೆ ಊದಿದ್ದವು. "ನೋಡಿ ಇದನ್ನ. ಅವಳು ಎಸೆದದ್ದನ್ನ ತಡೆಯೋಕೆ ಹೋಗಿ ಆಗಿದ್ದು. ಇದೂ ಪ್ರದರ್ಶನಾನಾ? ಪಾಯಿಂಟ್ ಹಾಕಿ ಸಾರ್. ಹಾಕದೆ ನಾವು ಇಲ್ಲಿಂದ ಕದಲಲ್ಲ."

ಅವನ ಜೊತೆಯ ಇಬ್ಬರೂ ದನಿ ಸೇರಿಸಿದರು. ಅಂಪೈರ್ ಹೆಂಗಸು, "ನಾನು ವಿಸಿಲ್ ಊದಿ ನಡೆಸಿದ್ದು ಪಂದ್ಯವನ್ನ. ಬೆಂಚಿನ ಗಲಾಟೆಗೆ ಶಿಕ್ಷೆ ಅಲ್ಲೇ ಆಯ್ತು, ಅದು ಅಲ್ಲಿಗೆ ಮುಗೀತು" ಎಂದರು. ಕಾರ್ಯದರ್ಶಿ ಫಲಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಸುತ್ತ ನೋಡಿದರು. ಒಪ್ಪದೆ ಬೇರೆ ದಾರಿಯಿರಲಿಲ್ಲ. ಸಭಾಂಗಣದ ಕರಿಹಲಗೆಯ ಮೇಲೆ ಮೇಷ್ಟ್ರು ಸೀಮೆಸುಣ್ಣದಲ್ಲಿ ಬರೆದರು: ಶೆಡ್ಡಿನವರು, ಆಡಿದ್ದು ಒಂದು, ಸೋತದ್ದು ಒಂದು.

"ಏನು ಬರೆದ್ರು?" ಎಂದಳು ದೊಡ್ಡವಳು. ರೇಡಿಯೋ ಓದಿ ಹೇಳಿದ. "ಇನ್ನೊಂದ್ಸಲ ಓದು" ಎಂದಳು.

ಹೊರಡುವಾಗ ಏಣಿ ಬಾಗಿಲ ಬಳಿ ದೊಡ್ಡವಳನ್ನು ಅಡ್ಡಗಟ್ಟಿದ. "ನೀನು ಗೋಲಿ ಅಂದ್ಯಲ್ಲ, ಮುಂದಿನ ತಿಂಗಳು ಸಿಗ್ತೀಯಲ್ಲ, ಆವಾಗ ನೋಡ್ಕೋತೀನಿ. ಆ ಕೈನ ಚೆಂಡಿನ ಜೊತೆಗೇ ಗೋಲಿಗೆ ಕಳಿಸ್ತೀನಿ."

"ಮೊದಲು ನಿನ್ನ ಕೈಗೆ ಬಿಸಿನೀರು ಕಾಯಿಸ್ಕೋ ಹೋಗು" ಎಂದಳು ಅವಳು.

ಮನೆಯ ದಾರಿಯಲ್ಲಿ ದೊಡ್ಡವಳು ಬನ್ನುವಿನ ಭುಜ ಹಿಡಿದು ಮುಂದೆ ನಡೆದಳು, ಅಮ್ಮನದಲ್ಲ. ಸೀಟಮ್ಮ ರೇಡಿಯೋನ ಜೊತೆ ಹಿಂದೆ. ಬೇಕರಿಯ ಹತ್ತಿರ ಬನ್ನು ಒಳಗೆ ಹೋದ ಮೇಲೆ ದೊಡ್ಡವಳು ನಿಂತಳು.

"ಸೋತಿದ್ದು ನಿನ್ನಿಂದ."

"ಹೌದು."

"ನಂಗೆ ಚೆಂಡು ಕೇಳಿಸ್ತಿತ್ತು. ಚಪ್ಪಾಳೆ ನಡುವೇನೂ ಸಣ್ಣಗೆ ಕೇಳಿಸ್ತಿತ್ತು. ಹಿಡಿದುಬಿಡ್ತಿದ್ದೆ. ನೀನು ಕೂಗಿದ ಮೇಲೆ ಏನೂ ಕೇಳಿಸ್ಲಿಲ್ಲ."

ಸೀಟಮ್ಮ ಬೇಕರಿಯ ಗಾಜಿನ ಕಡೆ ನೋಡಿದಳು. ಗಾಜಿನಲ್ಲಿ ಅವಳ ಮುಖವೇ ಕಂಡಿತು, ಕೆಂಪಗೆ.

"ಮುಂದಿನ ಪಂದ್ಯಕ್ಕೆ ಬೆಂಚಿನ ಮೇಲೆ ಕೂರಬೇಡ."

"ಮತ್ತೆಲ್ಲಿ ಕೂರಲಿ?"

"ಆಚೆ. ಮೆಟ್ಟಿಲ ಮೇಲೆ."

"ಊರಿಗೆಲ್ಲ ಸೀಟು ಹೊಲಿಯೋಳಿಗೆ ಕೂರೋಕೆ ಮೆಟ್ಟಿಲು" ಎಂದು ರೇಡಿಯೋ ಕೋಲು ಕುಟ್ಟಿದ. ತಲೆಗೊಂದು ಮೊಟಕು ಬಿತ್ತು. ಯಾರು ಮೊಟಕಿದ್ದೆಂದು ಅವನಿಗೆ ತಿಳಿಯಲಿಲ್ಲ, ಏಕೆಂದರೆ ಎರಡೂ ಕಡೆಯಿಂದ ಬಿದ್ದಿತ್ತು.

ಮರುದಿನ ಬೆಳಗ್ಗೆ ಶೆಡ್ಡಿನ ಬಾಗಿಲಿಗೆ ಬಂದ ಲಾರಿ ಚಾಲಕ ಒಳಗಿನ ಸದ್ದು ಕೇಳಿ ಹಿಂದೆ ಹೆಜ್ಜೆಯಿಟ್ಟ. ಸೂಜಿ ಗುದ್ದುತ್ತಿತ್ತು. ಸೀಟಮ್ಮನ ಮುಂದಿದ್ದದ್ದು ಲಾರಿಯ ಕವರಲ್ಲ. ಅತ್ಯಂತ ಗಟ್ಟಿಯ ಸ್ಪಂಜನ್ನು ಮೊಣಕೈಯ ಅಳತೆಗೆ ಕತ್ತರಿಸಿ, ಎರಡು ಪದರ ರೆಕ್ಸಿನಿನ ನಡುವೆ ಇಟ್ಟು ಹೊಲಿಯುತ್ತಿದ್ದಳು.

"ಕೈ ಕಳಿಸ್ತಾನಂತೆ, ಕೈ" ಎಂದು ಅವಳು ಯಂತ್ರಕ್ಕೆ ಹೇಳಿದಳು. "ಏಣಿಯಂತೆ ಏಣಿ. ಬರಲಿ ಮುಂದಿನ ತಿಂಗಳು."

ಮೇಜಿನ ತುದಿಯಲ್ಲಿ ಕೂತಿದ್ದ ದೊಡ್ಡವಳು ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಹೊಲಿದಿಟ್ಟ ಇನ್ನೊಂದು ಪ್ಯಾಡಿನ ಅಂಚಿನ ಮೇಲೆ ಬೆರಳು ಓಡಿಸಿದಳು. ಬೆರಳು ನಿಂತಿತು.

"ಅಮ್ಮಾ. ಹಲ್ಲು ಬಿದ್ದಿದೆ."

"ಎಲ್ಲಿ?" ಎಂದು ಸೀಟಮ್ಮ ಸಿಡುಕಿ, ಕೈ ಚಾಚಿ ಅದನ್ನು ಎಳೆದುಕೊಂಡು, ಹೊಲಿಗೆ ಬಿಚ್ಚತೊಡಗಿದಳು.